ಗೋಡೆಯ ಕೊಕ್ಕೆ

ಫೆಬ್ರವರಿ 9, ಭಾನುವಾರ

ಸಾಬೂನು ಪುಡಿಯ ಏಜೆಂಟು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಇಷ್ಟು ದಿನ ಇಸ್ತ್ರಿ ಮೇಜಿನ ಕೆಳಗೆ ಧೂಳು ತಿನ್ನುತ್ತಾ ಬಿದ್ದಿತ್ತು. ನನಗೆ ಬರೆಯುವ ಚಟವಿಲ್ಲ. ಲಾಂಡ್ರಿ ಇಟ್ಟವನಿಗೆ ಬಿಲ್ಲು ಬರೆಯಲು ಬಂದರೆ ಸಾಕು. ಆದರೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ವಿಷಯವೊಂದು ಹೊಟ್ಟೆಯಲ್ಲಿ ಕೂತುಬಿಟ್ಟರೆ ಊಟವೂ ಇಳಿಯುವುದಿಲ್ಲ. ದೊಡ್ಡ ಮೆಷಿನ್ ತಿರುಗುತ್ತಿದೆ. ಹೆಂಡತಿ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ. ಬರೆಯಲು ಇದೇ ಹೊತ್ತು.

ಸುತ್ತಿ ಬಳಸಿ ಯಾಕೆ? ಹೆಂಡತಿಯ ಜೊತೆ ಮಲಗಿದಾಗ ನನ್ನ ದೇಹ ಕೈಕೊಡುತ್ತಿದೆ. ನಿನ್ನೆಯೂ ಹಾಗೇ ಆಯಿತು. ಆಸೆ ಇಲ್ಲವೆಂದಲ್ಲ. ಆಸೆ ಎದೆ ತುಂಬ ಇದೆ, ಎದೆಯಿಂದ ಕೆಳಕ್ಕೆ ಇಳಿಯುವುದಿಲ್ಲ, ಅಷ್ಟೇ.

ಮಗಳು ಚಿಕ್ಕವಳಿದ್ದಾಗ ನಮಗೆ ಇದ್ದದ್ದು ಒಂದೇ ಕೋಣೆ. ಅವಳು ನಿದ್ದೆ ಹೋದಳೋ ಇಲ್ಲವೋ ಎಂದು ಕಾಯುತ್ತಾ ನಾವೇ ನಿದ್ದೆ ಹೋಗುತ್ತಿದ್ದೆವು. "ಇವಳು ಹಾಸ್ಟೆಲಿಗೆ ಹೋಗ್ಲಿ, ಆಮೇಲೆ ನೋಡಿ," ಎಂದು ಹೆಂಡತಿ ಕಣ್ಣು ಮಿಟುಕಿಸುತ್ತಿದ್ದಳು. ಕಳೆದ ವರ್ಷ ಮಗಳು ಹಾಸ್ಟೆಲಿಗೆ ಹೋದಳು. ಈಗ ಇಡೀ ಮನೆ ನಮ್ಮಿಬ್ಬರದೇ. ಯಾರ ಕಣ್ಣು ಬಿತ್ತೋ ಗೊತ್ತಿಲ್ಲ.

ಇವತ್ತು ಬೆಳಗ್ಗೆ ಅವಳು ಕಾಫಿ ಕೊಟ್ಟು, "ಸುಸ್ತಿರಬೇಕು ಬಿಡಿ," ಅಂದಳು. ಅವಳು ಸಮಾಧಾನ ಹೇಳಿದಷ್ಟೂ ನನಗೆ ಮೈಯೆಲ್ಲ ಉರಿಯುತ್ತದೆ.

ಫೆಬ್ರವರಿ 17, ಸೋಮವಾರ

ಲಾಡ್ಜಿನ ಚಾದರಗಳು ಬಂದಿವೆ, ಎರಡು ಗಂಟು. ನಮ್ಮ ಲಾಂಡ್ರಿ ನಡೆಯುವುದೇ ಆ ಲಾಡ್ಜಿನಿಂದ. ಯಾರು ಯಾರೋ ಮಲಗಿ ಎದ್ದು ಹೋದ ಚಾದರಗಳನ್ನು ನಾನು ಒಗೆದು ಬಿಳಿ ಮಾಡುತ್ತೇನೆ. ಅವರೆಲ್ಲರೂ ಸುಖವಾಗಿದ್ದರು ಎಂದೇ ಈಚೆಗೆ ನನಗನ್ನಿಸುತ್ತದೆ.

ಚಾದರ ಮಡಿಸಲು ಇಬ್ಬರು ಬೇಕು. ಅವಳು ಆ ಕಡೆ ಎರಡು ತುದಿ ಹಿಡಿದು ನಿಲ್ಲುತ್ತಾಳೆ, ನಾನು ಈ ಕಡೆ ಎರಡು ತುದಿ. ಇಬ್ಬರೂ ಹಿಂದಕ್ಕೆ ಬಾಗಿ ಎಳೆದು ಒಮ್ಮೆ ಜಾಡಿಸಿದರೆ ಸುಕ್ಕು ಬಿಡುತ್ತದೆ. ಉದ್ದಕ್ಕೆ ಮಡಿಸಿ, ಮತ್ತೊಮ್ಮೆ ಮಡಿಸಿ, ಎದುರುಬದುರು ನಡೆದು ಬಂದು ನನ್ನ ತುದಿಗಳನ್ನು ಅವಳ ಕೈಗೆ ಕೊಡಬೇಕು. ಆಮೇಲೆ ನಾನು ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡು ಹಿಂದೆ ಸರಿಯಬೇಕು. ಮತ್ತೆ ಎದುರುಬದುರು.

ನಾನು ಈ ಕೆಲಸ ಕಲಿತದ್ದು ಅವಳಪ್ಪನ ಲಾಂಡ್ರಿಯಲ್ಲಿ. ಆಗ ಅವಳು ಕಾಲೇಜು ಮುಗಿಸಿ ಬಂದು ಅಪ್ಪನಿಗೆ ಸಹಾಯ ಮಾಡುತ್ತಿದ್ದಳು. ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ತುದಿ ಕೊಡುವಾಗ ಮಾತ್ರ ಅವಳು ನನ್ನ ಕಿರುಬೆರಳನ್ನು ಚಿವುಟುತ್ತಿದ್ದಳು, ಮುಖ ಮಾತ್ರ ದೊಡ್ಡಮ್ಮನ ಹಾಗೆ ಗಂಭೀರ. ಮಾವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, "ಏನಪ್ಪಾ, ಒಗೆಯೋದಕ್ಕಿಂತ ಮಡಿಸೋದಕ್ಕೇ ಹೊತ್ತು ಹಿಡೀತಿದೆಯಲ್ಲ," ಎನ್ನುತ್ತಿದ್ದರು. ಮದುವೆಯಾದ ಮೇಲೂ ಅವಳ ಚಿವುಟಾಟ ನಿಂತಿರಲಿಲ್ಲ.

ಇವತ್ತೂ ಚಿವುಟಿದಳು. ಇದು ಕರೆ, ಕರೆದರೆ ಹೋಗಬೇಕು, ಹೋದರೆ ಮತ್ತೆ ಅದೇ ಅವಮಾನ. ಕೈ ಸರಕ್ಕನೆ ಎಳೆದುಕೊಂಡೆ. ಚಾದರ ನೆಲಕ್ಕೆ ಬಿತ್ತು. ಮತ್ತೆ ಒಗೆಯಲು ಹಾಕಬೇಕಾಯಿತು.

ಫೆಬ್ರವರಿ 20, ಗುರುವಾರ

ಒಂದು ಉಪಾಯ ಹೊಳೆಯಿತು. ಮಡಿಸುವ ಜಾಗದ ಗೋಡೆಗೆ ಎದೆಮಟ್ಟದಲ್ಲಿ ಎರಡು ದಪ್ಪ ಕೊಕ್ಕೆ ಹೊಡೆದೆ. ಚಾದರದ ಎರಡು ತುದಿಯನ್ನು ಕೊಕ್ಕೆಗೆ ಸಿಗಿಸಿ, ಉಳಿದೆರಡನ್ನು ನಾನು ಹಿಡಿದು ಎಳೆದು ಮಡಿಸಿದರಾಯಿತು. ಒಬ್ಬನೇ ಮಾಡಬಹುದು. ಕೆಲಸವೂ ಬೇಗ ಆಗುತ್ತದೆ.

"ನಿನ್ನ ಸೊಂಟನೋವಿಗೆ ಆರಾಮ ಅಂತ ಮಾಡಿದೆ," ಅಂದೆ.

ಅವಳು ಕೊಕ್ಕೆಯನ್ನು ಒಮ್ಮೆ ಮುಟ್ಟಿ ನೋಡಿದಳು. "ಒಳ್ಳೇದಾಯ್ತು," ಅಂದಳು. ಅಷ್ಟಕ್ಕೇ ಮುಗಿಯಿತು. ಬೈಯುತ್ತಾಳೇನೋ ಎಂದು ಹೆದರಿದ್ದೆ. ಸಂಜೆ ಅವಳ ಅಕ್ಕನ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದಳು.

ಹೋದ ತಿಂಗಳು ಇಸ್ತ್ರಿ ಪೆಟ್ಟಿಗೆ ತಗುಲಿ ಕೈಗಾದ ಗಾಯ ಇನ್ನೂ ಮಾಗಿಲ್ಲ. ಹಸಿ ಹಸಿಯಾಗಿಯೇ ಇದೆ.

ಮಾರ್ಚ್ 3, ಸೋಮವಾರ

ಲಾಡ್ಜಿನ ಮ್ಯಾನೇಜರ್ ಬಂದಿದ್ದ. ಸೊಂಟದಲ್ಲಿ ಬೀಗದಕೈಗಳ ಗೊಂಚಲನ್ನು ಝಣಝಣ ಎನ್ನಿಸುತ್ತಲೇ ಓಡಾಡುವವನು, ಹಾಗಾಗಿ ನಾವು ಅವನಿಗೆ ಇಟ್ಟ ಹೆಸರೇ ಗೊಂಚಲು. ಬಾಯಿ ಸ್ವಲ್ಪ ಸಡಿಲ, ಮನಸ್ಸು ಒಳ್ಳೆಯದು.

"ಯಜಮಾನ್ರೇ, ಮುಖ ಯಾಕೆ ಹಿಂಡಿದ ಬಟ್ಟೆ ಆಗಿದೆ?" ಅಂದ. ನನ್ನ ಗೆಳೆಯನೊಬ್ಬನಿಗೆ ಹೀಗೀಗೆ ತೊಂದರೆ ಎಂದು ಹೇಳಿದೆ. ಗೊಂಚಲು ತಲೆಯಾಡಿಸಿ, "ಗೆಳೆಯನಿಗೇ ಅಲ್ವಾ?" ಎಂದು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದ. ಸಾಯಂಕಾಲ ಒಂದು ಬಾಟಲಿ ತಂದುಕೊಟ್ಟ. ಮೇಲೆ ಕಟ್ಟುಮಸ್ತಾದ ಗಂಡಸಿನ ಚಿತ್ರ, ಪಕ್ಕದಲ್ಲಿ ಹಾರುವ ಕುದುರೆ. ಬೆಳಗ್ಗೆ ಸಂಜೆ ಎರಡೆರಡು ದೊಡ್ಡ ಚಮಚ. "ನಿಮ್ಮ ಗೆಳೆಯ ಒಂದು ವಾರದಲ್ಲಿ ಓಡ್ತಾನೆ," ಅಂದ.

ಮಾರ್ಚ್ 8, ಶನಿವಾರ

ಟಾನಿಕ್ಕು ಗಟ್ಟಿ ಪಾಕದ ಹಾಗಿದೆ, ಸಿಹಿಯೆಂದರೆ ಸಿಹಿ. ಕುಡಿದ ಮೇಲೆ ಬಾಯಿ ಒಣಗುತ್ತದೆ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದೇನೆ, ಅಷ್ಟೇ ಸಲ ಬಚ್ಚಲಿಗೆ ಹೋಗುತ್ತಿದ್ದೇನೆ. ಪ್ಯಾಂಟು ಸಡಿಲವಾಗಿದೆ, ಬೆಲ್ಟಿಗೆ ಹೊಸ ತೂತು ಹಾಕಿದೆ. ಮೈ ಕರಗಿದ್ದು ಟಾನಿಕ್ಕಿನ ಗುಣವೇ ಇರಬೇಕು.

ಬಚ್ಚಲಲ್ಲಿ ಇರುವೆ ಕಾಟ. "ಸಕ್ಕರೆ ಡಬ್ಬಿ ಬಿಟ್ಟು ಇಲ್ಲಿಗೆ ಯಾಕೆ ಬರ್ತವೋ," ಎಂದು ಹೆಂಡತಿ ಪುಡಿ ಚೆಲ್ಲುತ್ತಿದ್ದಳು.

ಮಾರ್ಚ್ 12, ಬುಧವಾರ

ಹೆಂಡತಿಯ ಅಕ್ಕನಿಗೆ ಮಂಡಿ ಆಪರೇಷನ್. ನೋಡಿಕೊಳ್ಳಲು ಹೋಗುತ್ತಾಳಂತೆ. ಅದು ಸರಿ. ಆದರೆ ಅವಳು ಬಟ್ಟೆಗೆ ಗುರುತು ಹಾಕುತ್ತಲೇ ತಲೆಯೆತ್ತದೆ, "ಅಕ್ಕ ತನ್ನ ಹೊಲಿಗೆ ಅಂಗಡಿ ನೋಡ್ಕೋತೀಯಾ ಅಂತ ಕೇಳ್ತಿದಾಳೆ. ಹುಷಾರಾದ ಮೇಲೂ ಅಲ್ಲೇ ಇದ್ದುಬಿಡು ಅಂತಾಳೆ," ಅಂದಳು.

"ನೀನೇನಂದೆ?"

"ನೋಡೋಣ ಅಂದೆ. ಇಲ್ಲಿ ನನ್ನಿಂದ ಆಗ್ಬೇಕಾದ್ದೇನಿದೆ? ಮಡಿಸೋಕೂ ಕೊಕ್ಕೆ ಇದೆ."

ಹೋಗಬೇಡ ಅನ್ನಬೇಕಿತ್ತು. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಏನು ಹೇಳಲಿ? ಗಂಡನೆಂದು ಹೇಳಿಕೊಳ್ಳಲು ನನ್ನ ಹತ್ತಿರ ಏನು ಉಳಿದಿದೆ? "ನಿನ್ನಿಷ್ಟ," ಅಂದುಬಿಟ್ಟೆ. ಅವಳು ಪೆನ್ನಿನ ಮುಚ್ಚಳ ಹಾಕಿ ಎದ್ದು ಒಳಗೆ ಹೋದಳು. ಇಪ್ಪತ್ತಾರಕ್ಕೆ ಟಿಕೆಟ್ಟು.

ಮಾರ್ಚ್ 15, ಶನಿವಾರ

ಹಾಸಿಗೆಯ ನಡುವೆ ಒಂದು ದಿಂಬು. ಯಾರು ಇಟ್ಟದ್ದೋ ಗೊತ್ತಿಲ್ಲ. ಯಾರೂ ತೆಗೆಯಲಿಲ್ಲ.

ಮಾರ್ಚ್ 19, ಬುಧವಾರ

ಇಸ್ತ್ರಿ ಮೇಜಿನ ಹತ್ತಿರ ಬರಿಗಾಲಲ್ಲಿ ನಿಂತಿದ್ದೆ. ಹೆಂಡತಿ ಅಂಗಳದಿಂದ ಒಳಗೆ ಬಂದವಳು ಮೂಗರಳಿಸಿ, "ಏನೋ ಸುಡ್ತಿದೆ," ಅಂದಳು. ನಾನು ಇಸ್ತ್ರಿ ಎತ್ತಿ ನೋಡಿದೆ, ಅಂಗಿ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅವಳು ಕಿರುಚಿದಳು. ಕೆಳಗೆ ಬಿಸಿ ಹಬೆಯ ಕಬ್ಬಿಣದ ಕೊಳವೆ ಇದೆ. ನನ್ನ ಎಡಗಾಲು ಅದಕ್ಕೆ ಒತ್ತಿಕೊಂಡಿತ್ತು. ಚರ್ಮ ಬೆಂದು ಬೆಳ್ಳಗಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ನೋವಾಗ್ತಿಲ್ವಾ? ರೀ, ನೋವಾಗ್ತಿಲ್ವಾ?" ಎಂದು ಅವಳು ನೀರು ಸುರಿಯುತ್ತಲೇ ಅಳುತ್ತಿದ್ದಳು. ಎಷ್ಟೋ ದಿನಗಳ ನಂತರ ಅವಳ ಕೈ ನನ್ನ ಮೈ ಮುಟ್ಟಿದ್ದು ಆಗಲೇ. ಕಾಲು ಮುಟ್ಟಿದ್ದಾಳೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಅದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಬೆಂದದ್ದಕ್ಕಿಂತ ಹೆಚ್ಚು ನೊಂದದ್ದು ಅದಕ್ಕೆ.

ಅಂಗಡಿ ಬಾಗಿಲು ಎಳೆದು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರಮ್ಮ ಗಾಯಕ್ಕೆ ಪಟ್ಟಿ ಕಟ್ಟಿ, ಬೆರಳು ಚುಚ್ಚಿ ರಕ್ತ ನೋಡಿ, ಮತ್ತೊಮ್ಮೆ ಚುಚ್ಚಿ ನೋಡಿದರು. "ನಿಮಗೆ ಸಕ್ಕರೆ ಕಾಯಿಲೆ ಇರೋದು ಗೊತ್ತಾ?" ಅಂದರು. ಇಲ್ಲ ಅಂದೆ. "ಕಾಯಿಲೆಗಂತೂ ನೀವು ಗೊತ್ತು," ಎಂದು ಪರೀಕ್ಷೆಗಳಿಗೆ ಬರೆದುಕೊಟ್ಟರು.

ಮಾರ್ಚ್ 21, ಶುಕ್ರವಾರ

ವರದಿ ತೋರಿಸಲು ಹೋದೆವು. ಹೆಂಡತಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಡಾಕ್ಟರಮ್ಮ ಕಾಗದ ತಿರುವುತ್ತಾ ಬಾಯಾರಿಕೆ, ಕಣ್ಣು, ಕಾಲಿನ ಜೋಮು ಎಲ್ಲ ಕೇಳಿದರು. ಸಿಗರೇಟು ಸೇದ್ತೀರಾ ಅಂದರು. ದಿನಕ್ಕೆ ಒಂದೆರಡು ಅಂದೆ. ಹೆಂಡತಿ ಕೆಮ್ಮಿದಳು. ಹತ್ತು ಎಂದು ತಿದ್ದಿದೆ. ಆಮೇಲೆ ಡಾಕ್ಟರಮ್ಮ ಅದೇ ದನಿಯಲ್ಲಿ, "ಗಂಡ ಹೆಂಡತಿ ಸೇರುವಾಗ ತೊಂದರೆ ಇದೆಯಾ? ಗಡಸು ಬರೋದಿಲ್ಲ, ಬಂದರೂ ನಿಲ್ಲಲ್ಲ, ಹಾಗೇನಾದ್ರೂ?" ಅಂದರು.

ಕುರ್ಚಿ ಸಮೇತ ನೆಲಕ್ಕಿಳಿದುಹೋಗಬಾರದೇ ಅನ್ನಿಸಿತು. "ಅಂಥದ್ದೇನಿಲ್ಲ," ಅಂದೆ.

"ಇದ್ರೆ ನಾಚಿಕೆ ಬೇಡ. ಸಕ್ಕರೆ ಈ ಮಟ್ಟ ಇರೋ ಗಂಡಸರಲ್ಲಿ ಬಹಳ ಜನಕ್ಕೆ ಇರುತ್ತೆ. ಅಲ್ಲಿಗೆ ರಕ್ತ ತುಂಬಿ ಬರಬೇಕು, ನರ ಸುದ್ದಿ ಮುಟ್ಟಿಸಬೇಕು. ಸಕ್ಕರೆ ಎರಡಕ್ಕೂ ಪೆಟ್ಟು ಕೊಡುತ್ತೆ, ಸಿಗರೇಟು ರಕ್ತನಾಳಕ್ಕೆ ಇನ್ನಷ್ಟು. ಕಾಲಿಗೆ ಬಿಸಿ ಗೊತ್ತಾಗಲಿಲ್ವಲ್ಲ, ಹಾಗೇ ಇದೂನೂ. ಮನಸ್ಸಲ್ಲಿ ಎಷ್ಟೇ ಪ್ರೀತಿ ಇದ್ರೂ ದೇಹ ಏಳಲ್ಲ."

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಮೇಜಿನ ಮೇಲಿದ್ದ ಬಿ.ಪಿ. ಪಟ್ಟಿಯನ್ನೇ ನೋಡುತ್ತಿದ್ದೆ. "ಇದೆ," ಅಂದೆ. ಆ ಎರಡಕ್ಷರ ಹೇಳಲು ಇಷ್ಟು ತಿಂಗಳು ಹಿಡಿಯಿತು.

"ಬೆಳಗಿನ ಜಾವ ಏಳುವಾಗ, ಕನಸಲ್ಲಿ, ಯಾವಾಗಲಾದ್ರೂ ತಾನಾಗೇ ಆಗುತ್ತಾ?"

"ಯಾವಾಗಲೋ ಒಮ್ಮೆ."

"ಹಾಗಾದ್ರೆ ದಾರಿ ಪೂರ್ತಿ ಮುಚ್ಚಿಲ್ಲ. ಸ್ವಲ್ಪ ದೇಹದ್ದು, ಸ್ವಲ್ಪ ಹೆದರಿಕೇದು. ಒಂದು ಸಲ ತಪ್ಪಿದ ಮೇಲೆ ನೀವು ಹೆಂಡತಿ ಹತ್ರ ಹೋಗ್ತಿಲ್ಲ, ಪರೀಕ್ಷೆ ಬರೆಯೋಕೆ ಹೋಗ್ತಿದೀರ. ಪರೀಕ್ಷೇಲಿ ಯಾರಿಗೆ ಆಸೆ ಬರುತ್ತೆ ಹೇಳಿ?" ಮೊದಲು ಸಕ್ಕರೆ ಹತೋಟಿಗೆ ಬರಲಿ, ಸಿಗರೇಟು ಬಿಡಿ, ದಿನಾ ನಡೆಯಿರಿ, ಹೃದಯ ಪರೀಕ್ಷೆ ಮಾಡಿಸಿ, ಬೇಕಾದರೆ ಆಮೇಲೆ ಅದಕ್ಕೂ ಮಾತ್ರೆ ಇದೆ ಅಂದರು. "ಪೂರ್ತಿ ಮೊದಲಿನ ಹಾಗೇ ಆಗುತ್ತೆ ಅಂತ ಮಾತು ಕೊಡಲ್ಲ. ಸುಧಾರಿಸುತ್ತೆ. ಅಲ್ಲೀವರೆಗೆ ಪರೀಕ್ಷೆ ರದ್ದು. ಸುಮ್ಮನೆ ಹತ್ತಿರ ಇರಿ."

ಟಾನಿಕ್ಕಿನ ವಿಷಯ ಹೇಳಿದೆ. ಡಾಕ್ಟರಮ್ಮ ಹಣೆ ಹಣೆ ಬಡಿದುಕೊಂಡರು. ಇರುವೆಗಳ ನೆನಪಾಗಿ ಹೆಂಡತಿಗೆ ಅಲ್ಲೇ ನಗು ಉಕ್ಕಿತು, ಹಿಂದೆಯೇ ಅಳುವೂ ಬಂತು.

ಆಟೋ ಬೇಡವೆಂದಳು. ಕುಂಟುತ್ತಾ ನಡೆದೆ. ಔಷಧಿ ಅಂಗಡಿ ದಾಟಿದ ಮೇಲೆ ಕೇಳಿದಳು. "ನನಗೊಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ನಿನ್ನ ಗಂಡ ಕೆಟ್ಟುಹೋದ ಅಂತಲಾ?" ದನಿ ಏರಿತು. ರಸ್ತೆಯಲ್ಲಿ ಒಬ್ಬಿಬ್ಬರು ನೋಡಿದರು.

ಅವಳು ದನಿ ಏರಿಸಲಿಲ್ಲ. "ನಾನು ಏನಂದ್ಕೊಂಡಿದ್ದೆ ಗೊತ್ತಾ? ನಿಮಗೆ ನಾನು ಸಾಕಾಗಿದೀನಿ ಅಂತ. ವಯಸ್ಸಾಯ್ತು, ಮೈ ಬಂತು, ಅದಕ್ಕೇ ಅಂತ. ಹಾಸಿಗೇಲಿ ಆಗದೆ ಹೋದ್ರೆ ಹೋಗ್ಲಿ, ನಾನೇನು ಅದಕ್ಕೆ ಸಾಯ್ತಿದ್ನಾ? ಆದ್ರೆ ಆ ಕೊಕ್ಕೆ ಹೊಡೆದ್ರಲ್ಲ. ಬೆರಳು ತಾಗೋದೂ ಬೇಡ ಅಂತ ಗೋಡೆ ಕೊರೆದ್ರಲ್ಲ. ಅವತ್ತೇ ನಾನು ಅಕ್ಕನಿಗೆ, ಅಂಗಡಿ ವಿಷಯ ನೋಡೋಣ ಅಂದಿದ್ದು."

ಅವಳಿಗೆ ನೋವಾಗದಿರಲಿ, ನನಗೆ ಅವಮಾನವಾಗದಿರಲಿ ಎಂದು ಹೊಡೆದ ಕೊಕ್ಕೆ ಅದು.

ಮಾರ್ಚ್ 26, ಬುಧವಾರ

ಹೋದಳು. ಅಕ್ಕನ ಆಪರೇಷನ್ ಮುಂದಕ್ಕೆ ಹೋಗುವುದಿಲ್ಲವಲ್ಲ. ಬಸ್ ನಿಲ್ದಾಣದಲ್ಲಿ ಮಾತ್ರೆಯ ಡಬ್ಬಿಗೆ ಚೀಟಿ ಅಂಟಿಸಿ ಕೊಟ್ಟಳು. ಎಷ್ಟು ದಿನಕ್ಕೆ ಎಂದು ಕೇಳಿದೆ. "ಗೊತ್ತಿಲ್ಲ ರೀ. ನನಗೂ ಸ್ವಲ್ಪ ಯೋಚನೆ ಮಾಡ್ಬೇಕು," ಅಂದಳು.

ಇರು ಅನ್ನಬೇಕೆಂದು ಬಾಯಿ ತೆರೆದೆ. ಬಸ್ಸು ಹಾರನ್ ಹೊಡೆಯಿತು. "ನೀರು ಬಾಟ್ಲಿ ತಗೊಂಡ್ಯಾ?" ಅಂದೆ.

ಮಾರ್ಚ್ 30, ಭಾನುವಾರ

ಅವಳ ದಿಂಬಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇದೆ. ಊರಿನವರ ದಿಂಬಿನ ಕವರೆಲ್ಲ ಒಗೆಯುವವನು ನಾನು, ಇದೊಂದನ್ನು ಒಗೆಯಲಿಲ್ಲ.

ಏಪ್ರಿಲ್ 4, ಶುಕ್ರವಾರ

ಬೆಳಗ್ಗೆ ನಡೆದು ಬಂದು ಚಾದರ ಮಡಿಸಲು ನಿಂತೆ. ಕೊಕ್ಕೆಗೆ ಸಿಗಿಸಿ ಎಳೆದೆ. ಕೊಕ್ಕೆ ಎಳೆಯುವುದಿಲ್ಲ, ಸಡಿಲ ಬಿಡುವುದಿಲ್ಲ, "ಜೋರಾಗಿ ಜಾಡಿಸಿ, ಏನು ಊಟ ಮಾಡಿಲ್ವಾ," ಎಂದು ರೇಗಿಸುವುದಿಲ್ಲ. ಎದುರು ನಡೆದು ಹೋದರೆ ಬರೀ ಸುಣ್ಣದ ಗೋಡೆ. ತಡೆಯಲಾಗಲಿಲ್ಲ. ಸುತ್ತಿಗೆ ತಂದು ಎರಡನ್ನೂ ಮೀಟಿ ತೆಗೆದೆ. ಗಾರೆ ಹೆಂಟೆಯಾಗಿ ಉದುರಿ ಗೋಡೆಯಲ್ಲಿ ಎರಡು ಗುಳಿ ಬಿದ್ದವು.

ಆಮೇಲೆ ಬುದ್ಧಿ ಬಂತು. ಮಡಿಸುವುದು ಹೇಗೆ?

ಗಂಟು ಒಯ್ಯಲು ಬಂದ ಗೊಂಚಲಿಗೆ, "ಆ ತುದಿ ಹಿಡಿ," ಅಂದೆ.

"ನಾನು ಮ್ಯಾನೇಜರ್ರು ಕಣ್ರೀ!"

"ಕುದುರೆ ಬಾಟ್ಲಿ ಕೊಟ್ಟು ನನ್ನನ್ನ ಕೊಲ್ಲೋಕೆ ಹೋಗಿದ್ದ ಮ್ಯಾನೇಜರ್ರು. ಹಿಡಿ."

ಹಿಡಿದ. ಪ್ರತಿ ಸಲ ಎದುರುಬದುರು ಬಂದಾಗ ಅವನ ಹೊಟ್ಟೆ ಮೊದಲು ತಾಗುತ್ತಿತ್ತು, ಗೊಂಚಲು ಝಣ್ ಎನ್ನುತ್ತಿತ್ತು. ಒಮ್ಮೆ ನಮ್ಮಿಬ್ಬರ ಬೆರಳು ಸಿಕ್ಕಿಕೊಂಡವು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಗೊಂಚಲು, "ಅತ್ತಿಗೆ ಯಾವಾಗ ಬರ್ತಾರೆ?" ಅಂದ. ನನಗೆ ಕಣ್ಣು ತುಂಬಿ ಬಂತು. "ಗೆಳೆಯನ ಹೆಂಡತಿ ವಿಷಯ ಗೊತ್ತಿಲ್ಲ," ಅಂದೆ. ಅವನು ಇನ್ನೊಂದು ಚಾದರ ಎತ್ತಿಕೊಂಡ.

ಏಪ್ರಿಲ್ 15, ಮಂಗಳವಾರ

ಬೆಳಗಿನ ಜಾವ ಎಚ್ಚರವಾದಾಗ ದೇಹ ಎದ್ದಿತ್ತು. ಎಷ್ಟೋ ಕಾಲ ಊರು ಬಿಟ್ಟುಹೋದವನು ಬಾಗಿಲಲ್ಲಿ ನಿಂತ ಹಾಗೆ. ಪಕ್ಕದಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ. ಹಿಂದೆಮುಂದೆ ನೋಡದೆ ಫೋನ್ ಮಾಡಿಬಿಟ್ಟೆ.

"ಏನ್ರೀ ಇಷ್ಟು ಬೇಗ? ಕಾಲಿಗೇನಾಯ್ತು?"

"ಕಾಲಿಗೇನೂ ಇಲ್ಲ. ಡಾಕ್ಟರಮ್ಮ ಕೇಳಿದ್ರಲ್ಲ, ಬೆಳಗಿನ ಜಾವ, ಕನಸು ಅಂತ…"

ಆ ಕಡೆಯಿಂದ ಬಾಯಿಗೆ ಸೆರಗು ಒತ್ತಿಕೊಂಡ ನಗು. "ಅಕ್ಕ ಇಲ್ಲೇ ಮಲಗಿದಾಳೆ, ಸುಮ್ನಿರಿ." ಆಮೇಲೆ ಮೆಲ್ಲಗೆ, "ಕನಸಲ್ಲಿ ಯಾರಿದ್ರು?"

"ಇನ್ಯಾರು? ನೀನೇ. ಚಾದರ ಮಡಿಸ್ತಿದ್ದೆ."

"ಕನಸಲ್ಲೂ ನನ್ನ ಕೈಲಿ ಕೆಲಸ ಮಾಡಿಸ್ತೀರಲ್ಲ."

ಆಗ ಬಂತು ಮಾತು, ತಾನಾಗಿಯೇ. "ಬಾರೇ. ಏನೂ ಆಗದಿದ್ರೂ ಪರವಾಗಿಲ್ಲ. ನೀನು ಬೇಕು ನನಗೆ."

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾತ್ರೆ ತಗೊಂಡ್ರಾ ಎಂದು ಕೇಳಿ ಫೋನಿಟ್ಟಳು.

ಏಪ್ರಿಲ್ 27, ಭಾನುವಾರ

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಗಿರಾಕಿ ಎಂದುಕೊಂಡು ತಲೆಯೆತ್ತಿದೆ. ಕೈಯಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ನನ್ನನ್ನಲ್ಲ, ಗೋಡೆಯನ್ನು ನೋಡುತ್ತಿದ್ದಳು.

"ಗೋಡೆ ಹಾಳು ಮಾಡಿದ್ರಲ್ಲ."

"ನಾಳೆ ಸಿಮೆಂಟು ಹಾಕ್ತೀನಿ."

"ಏನೂ ಬೇಡ, ಇರ್ಲಿ."

ಬ್ಯಾಗು ಕೆಳಗಿಟ್ಟಳು. ಕೈಕಾಲನ್ನೂ ತೊಳೆಯದೆ ರಾಶಿಯಿಂದ ಒಂದು ಚಾದರ ಎಳೆದು ಎರಡು ತುದಿ ಹಿಡಿದು ಹಿಂದೆ ಸರಿದಳು. ಜಾಡಿಸಿದೆವು. ಮಡಿಸಿದೆವು. ಎದುರುಬದುರು ಬಂದೆವು. ನನ್ನ ತುದಿಗಳನ್ನು ಅವಳ ಕೈಗಿಟ್ಟೆ. ಚಿವುಟುತ್ತಾಳೆ ಎಂದು ಕಾದೆ, ಚಿವುಟಲಿಲ್ಲ. ಕಿರುಬೆರಳು ಹಿಡಿದುಕೊಂಡೇ ನಿಂತಳು. ಕೈ ಎಳೆದುಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ.

ಜೂನ್ 8, ಭಾನುವಾರ

ಡೈರಿ ಸಾಬೂನು ಪುಡಿಯ ಮೂಟೆಯ ಹಿಂದೆ ಸಿಕ್ಕಿತು. ಇಷ್ಟು ದಿನ ಯಾಕೆ ಬರೆಯಲಿಲ್ಲವೋ! ಹೇಳುವುದಕ್ಕೆ ಹೆಚ್ಚೇನಿಲ್ಲ. ಸಕ್ಕರೆ ಇಳಿದಿದೆ, ಕಾಲಿನ ಗಾಯ ಮಾಗಿದೆ, ಬಚ್ಚಲಲ್ಲಿ ಇರುವೆಗಳಿಲ್ಲ. ಸಿಗರೇಟು ಬಿಟ್ಟಿದ್ದೇನೆ, ಬಾಯಿ ಆಗಾಗ ಬೇಡುತ್ತದೆ. ಇನ್ನೊಂದು ವಿಷಯ ಒಂದು ದಿನ ಸರಿ, ಒಂದು ದಿನ ಇಲ್ಲ. ಮೊನ್ನೆ ಇಲ್ಲದ ದಿನವೇ ಇಬ್ಬರೂ ಮಗಳ ಬಾಲ್ಯದ ತುಂಟಾಟ ನೆನೆದು ನಗುತ್ತಾ ನಿದ್ದೆ ಹೋದೆವು.

ಇದನ್ನು ಬರೆಯುತ್ತಿರುವಾಗಲೇ ಅವಳ ಅಕ್ಕನ ಫೋನು ಬಂದಿದೆ. ಹೊಲಿಗೆ ಅಂಗಡಿಗೆ ಬರುತ್ತೀಯಾ ಇಲ್ಲವಾ, ಒಂದು ಮಾತು ಖಂಡಿತ ಹೇಳು ಎಂದು ಕೇಳುತ್ತಿರಬೇಕು. ಹೆಂಡತಿ ಅಂಗಳದಲ್ಲಿ ನಿಂತು, ನನಗೂ ಕೇಳಲಿ ಎಂದೇ, ದೊಡ್ಡ ದನಿಯಲ್ಲಿ ಹೇಳುತ್ತಿದ್ದಾಳೆ:

"ಇಲ್ಲಕ್ಕಾ, ಬರೋಕಾಗಲ್ಲ. ಲಾಡ್ಜಿನ ಚಾದರ ರಾಶಿ ಬಿದ್ದಿದೆ. ಇಲ್ಲಿ ಇನ್ನೊಂದು ತುದಿ ಹಿಡಿಯೋಕೆ ಯಾರೂ ಇಲ್ಲ."